ಥ್ರೆಡ್ಡಿಗೊಂದು ಕಿಸೆ: ಥ್ರೆಡ್-ಲೋಕಲ್ ಡೇಟಾ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಗದಗ-ಹಾವೇರಿ ಕಡೆ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಥ್ರೆಡ್ ಎಂದರೆ ಓಡುತ್ತಿರುವ ಒಂದು ಪ್ರೋಗ್ರಾಮಿನೊಳಗೆ (ಪ್ರೋಸೆಸ್ಸಿನೊಳಗೆ) ಏಕಕಾಲಕ್ಕೆ ನಡೆಯುವ ಕೆಲಸದ ಒಂದೊಂದು ಎಳೆ. ಕೇಳಿದವರ ಮಾತನ್ನು ತಿದ್ದಿಲ್ಲ. ಉದಾಹರಣೆಗೆ ಎಲ್ಲ ಕಡೆ ಒಂದೇ ಕಾಲ್ಪನಿಕ ಪ್ರೋಗ್ರಾಮ್: ಬ್ಯಾಡಗಿ ಮೆಣಸಿನಕಾಯಿ ಪೇಟೆಯಂಥ ಜಾಗದಲ್ಲಿ ಹಲವು ಕಾಟಾಗಳಿಂದ ಏಕಕಾಲಕ್ಕೆ ತೂಕ ಓದಿ, ಲಾಟಿಗೊಂದು ಚೀಟಿ ಮುದ್ರಿಸುವ ಸರ್ವರ್. ಫಂಕ್ಷನ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ.

## ಮೊದಲಿಗೆ

ಥ್ರೆಡ್‌ಗಳು ಏನೇನು ಹಂಚ್ಕೋತಾವ್ರಿ? ಸ್ವಂತದ್ದು ಅಂತ ಏನಿರತೈತಿ?

ಖಾನಾವಳಿಯಲ್ಲಿ ಊಟಕ್ಕೆ ಕೂತವರಿಗೆ ತಾಟು ಅವರವರದ್ದು. ನೀರಿನ ಜಗ್ಗು, ಶೇಂಗಾ ಚಟ್ನಿ ಡಬ್ಬಿ ಎಲ್ಲರದ್ದು. ಒಂದು ಪ್ರೋಸೆಸ್ಸಿನ ಥ್ರೆಡ್‌ಗಳೂ ಹಾಗೆಯೇ. ಗ್ಲೋಬಲ್ ಮತ್ತು ಸ್ಟ್ಯಾಟಿಕ್ ವೇರಿಯಬಲ್, ಹೀಪ್ (ಬೇಕೆಂದಾಗ ಬೇಡಿ ಪಡೆಯುವ ಮೆಮೊರಿ), ತೆರೆದಿಟ್ಟ ಫೈಲು, ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ಎಲ್ಲವೂ ಹಂಚಿಕೊಂಡದ್ದು. ಸ್ಟ್ಯಾಕ್ (ಫಂಕ್ಷನ್ ಓಡುವಾಗ ಬಳಸುವ ಮೆಮೊರಿ) ಮತ್ತು ಸಿಪಿಯು ರಿಜಿಸ್ಟರಿನ ಬೆಲೆಗಳು (ವ್ಯಾಲ್ಯೂಗಳು) ಮಾತ್ರ ಸ್ವಂತದ್ದು.

ಸ್ಟ್ಯಾಕಿನ ಮೇಲಿನ ಲೋಕಲ್ ವೇರಿಯಬಲ್ ಫಂಕ್ಷನ್ ಮುಗಿದ ಕೂಡಲೇ ಹೋಗುತ್ತದೆ. ಗ್ಲೋಬಲ್ ಉಳಿಯುತ್ತದೆ, ಆದರೆ ಎಲ್ಲರ ಕೈಗೂ ಸಿಗುತ್ತದೆ. ಫಂಕ್ಷನ್ ಮುಗಿದರೂ ಉಳಿಯಬೇಕು, ಆದರೆ ಬೇರೆ ಥ್ರೆಡ್ಡಿಗೆ ಸಿಗಬಾರದು ಎನ್ನುವ ಡೇಟಾಕ್ಕೆ ಮೂರನೆಯ ಜಾಗ ಬೇಕು. ಥ್ರೆಡ್-ಲೋಕಲ್ ಎಂದರೆ ಅದು. ಥ್ರೆಡ್ಡಿನ ಕಿಸೆ ಎಂದುಕೊಂಡರೆ ಮುಂದಿನದೆಲ್ಲ ಸಲೀಸು.

ಒಂದು ಸ್ಟ್ಯಾಟಿಕ್ ಬಫರ್ ಇಟ್ಟರ ಏನ್ ಮಹಾ ಲುಕ್ಸಾನು?

ತೂಕವನ್ನು ಅಕ್ಷರಕ್ಕೆ ತಿರುಗಿಸುವ ಒಂದು ಫಂಕ್ಷನ್ ಇದೆ ಎನ್ನಿ. ಒಳಗೆ 32 ಬೈಟಿನ ಸ್ಟ್ಯಾಟಿಕ್ ಬಫರ್ (ಬರೆದಿಡುವ ಜಾಗ, ಇಡೀ ಪ್ರೋಗ್ರಾಮಿಗೆ ಒಂದೇ). ಅದರಲ್ಲಿ ಬರೆದು, ಅದರ ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ವಾಪಸ್ ಕೊಡುತ್ತದೆ. ಮೊದಲನೆಯ ಥ್ರೆಡ್ಡಿನ ಕೈಯಲ್ಲಿ 412ನೆಯ ಲಾಟಿನ ಚೀಲ, ತೂಕ 38.60 ಕಿಲೋ. ಬಫರಿನಲ್ಲಿ «38.60» ಬರೆದಾಯಿತು, ಇನ್ನೂ ಪ್ರಿಂಟರಿಗೆ ಕಳಿಸಿಲ್ಲ. ಅಷ್ಟರಲ್ಲಿ ಎರಡನೆಯ ಥ್ರೆಡ್ಡು 413ನೆಯ ಲಾಟಿನ «41.25» ಅನ್ನು ಅದೇ 32 ಬೈಟಿನ ಮೇಲೆ ಬರೆಯಿತು. ಮೊದಲನೆಯದು ತನ್ನ ಕೆಲಸ ಮುಂದುವರಿಸಿ ಚೀಟಿ ಮುದ್ರಿಸಿತು: ಲಾಟ್ 412, 41.25 ಕಿಲೋ.

ಪ್ರೋಗ್ರಾಮ್ ಬೀಳಲಿಲ್ಲ, ಲಾಗಿನಲ್ಲಿ ಎರರ್ ಇಲ್ಲ, ಚೀಟಿ ಅಚ್ಚುಕಟ್ಟಾಗಿದೆ, ಲೆಕ್ಕ ಮಾತ್ರ 2.65 ಕಿಲೋ ತಪ್ಪು. ಆವಕ ಕಡಿಮೆ ಇದ್ದ ದಿನ ಹೀಗಾಗುವುದೇ ಇಲ್ಲ, ಪೇಟೆ ತುಂಬಿದ ದಿನ ನಾಲ್ಕೈದು ಸಲ ಆಗುತ್ತದೆ. ಆಫೀಸಿನಲ್ಲಿ ಒಬ್ಬರೇ ಕೂತು ಪರೀಕ್ಷೆ ಮಾಡಿದರೆ ಸಿಕ್ಕಿಬೀಳದ ತಪ್ಪು ಇದು.

ಫಂಕ್ಷನ್ ಒಳಗ ಲಾಕ್ ಹಾಕಿದ್ರ ಮುಗೀತಲ್ಲ?

ಮುಗಿಯುವುದಿಲ್ಲ. ಲಾಕು, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಬೀಗ, ಬರೆಯುವ ಹೊತ್ತನ್ನಷ್ಟೇ ಕಾಯುತ್ತದೆ. ಫಂಕ್ಷನ್ ಮುಗಿಸಿ, ಲಾಕ್ ಬಿಟ್ಟು, ಪಾಯಿಂಟರ್ ಕೈಗೆ ಬಂದ ಮೇಲೂ ಅದು ತೋರಿಸುವುದು ಎಲ್ಲರ ಬಫರನ್ನೇ. ಓದಿ ಮುಗಿಯುವ ತನಕ ಲಾಕ್ ಹಿಡಿದಿರಬೇಕೆಂದರೆ ಕರೆದವರೆಲ್ಲ ಅದನ್ನು ನೆನಪಿಟ್ಟು ಪಾಲಿಸಬೇಕು, ಕಾಟಾಗಳೆಲ್ಲ ಒಂದೇ ಸರತಿಯಲ್ಲಿ ನಿಲ್ಲಬೇಕು. ಅಷ್ಟಾದರೆ ಥ್ರೆಡ್ ಯಾಕೆ ಬೇಕಿತ್ತು?

ಕರೆಯುವವರೇ ಬಫರ್ ಕೊಡುವಂತೆ ಫಂಕ್ಷನ್ ಬದಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಸಿ ಲೈಬ್ರರಿಯ ಸ್ಟ್ರ್‌ಟಾಕ್ ಇದ್ದಲ್ಲಿ ಸ್ಟ್ರ್‌ಟಾಕ್_ಆರ್, ಲೋಕಲ್‌ಟೈಮ್ ಇದ್ದಲ್ಲಿ ಲೋಕಲ್‌ಟೈಮ್_ಆರ್ ಬಂದದ್ದು ಇದೇ ಕಾರಣಕ್ಕೆ. ಹಳೆಯ ಫಂಕ್ಷನ್ನನ್ನು ನೂರು ಕಡೆ ಕರೆದಿದ್ದಾರೆ, ರೂಪ ಬದಲಿಸಲು ಬರುವುದಿಲ್ಲ ಎಂದಾಗ ಬಫರನ್ನು ಥ್ರೆಡ್-ಲೋಕಲ್ ಮಾಡಿ. ಆಗಲೂ ಒಂದು ಹುಳುಕು ಉಳಿಯುತ್ತದೆ. ಒಂದೇ ಪ್ರಿಂಟ್‌ಎಫ್ ಸಾಲಿನಲ್ಲಿ ಒಟ್ಟು ತೂಕಕ್ಕೊಮ್ಮೆ, ನಿವ್ವಳ ತೂಕಕ್ಕೊಮ್ಮೆ ಅದೇ ಫಂಕ್ಷನ್ ಕರೆದರೆ ಎರಡೂ ಜಾಗದಲ್ಲಿ ಒಂದೇ ಸಂಖ್ಯೆ ಬರುತ್ತದೆ. ಥ್ರೆಡ್ ಒಂದೇ, ಬಫರೂ ಒಂದೇ.

ಥ್ರೆಡ್-ಲೋಕಲ್ ಯಾವಾಗ ಬಳಸಬೇಕು, ಯಾವಾಗ ಬೇಡ?

ಡೇಟಾ ಥ್ರೆಡ್ಡಿನದೋ, ಕೆಲಸದ್ದೋ ಎಂದು ಮೊದಲು ಕೇಳಿಕೊಳ್ಳಿ. ಥ್ರೆಡ್ ಹುಟ್ಟಿದಾಗ ಹುಟ್ಟಿ, ಅದು ಸತ್ತಾಗ ಹೋಗಬೇಕಾದ್ದು ಥ್ರೆಡ್ಡಿನದು: ತಾತ್ಕಾಲಿಕ ಬಫರು, ರ್‍ಯಾಂಡಮ್ ಸಂಖ್ಯೆ ಕೊಡುವ ಯಂತ್ರದ ಸ್ಥಿತಿ, ಡೇಟಾಬೇಸ್ ಕನೆಕ್ಷನ್, ಎಣಿಕೆಯ ಕೌಂಟರ್. ಲಾಟ್ ನಂಬರು, ರೈತರ ಹೆಸರು, ಲಾಗಿನ್ ಆದವರ ಗುರುತು ಇವೆಲ್ಲ ಕೆಲಸದ್ದು. ಅವನ್ನು ಆದಷ್ಟು ಆರ್ಗ್ಯುಮೆಂಟಾಗಿಯೇ ಕಳಿಸಿ.

ಥ್ರೆಡ್ಡಿಗೊಂದೇ ಕೆಲಸ ಇದ್ದಾಗ ಈ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಥ್ರೆಡ್ ಪೂಲ್ (ಅವೇ ಥ್ರೆಡ್ಡುಗಳನ್ನು ಕೆಲಸದಿಂದ ಕೆಲಸಕ್ಕೆ ಮರುಬಳಸುವ ಗುಂಪು) ಬಂದ ದಿನ ಕಾಣುತ್ತದೆ. ಕೆಳಗಿನ ಕೆಲವು ಪ್ರಶ್ನೆಗಳು ಹುಟ್ಟಿದ್ದು ಕೆಲಸದ ಡೇಟಾವನ್ನು ಥ್ರೆಡ್ಡಿನ ಕಿಸೆಯಲ್ಲಿಟ್ಟದ್ದರಿಂದ.

ಎರ್‌ನೋ ಗ್ಲೋಬಲ್ ಅಂತ ಪುಸ್ತಕದಾಗೈತಿ. ಥ್ರೆಡ್ ನಡುವ ಅದು ಹೆಂಗ ಕಲಸೂದಿಲ್ಲ?

ಎರ್‌ನೋ ಎಂದರೆ ಕೊನೆಯ ತಪ್ಪಿನ ನಂಬರ್ ಇಡುವ ವೇರಿಯಬಲ್. ಹಳೆಯ ಪುಸ್ತಕದಲ್ಲಿ ಸರಿಯೇ ಇದೆ. ಥ್ರೆಡ್‌ಗಳು ಬರುವ ಮೊದಲು ಅದು ಗ್ಲೋಬಲ್ಲೇ ಆಗಿತ್ತು. 1995ರ ಪಾಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಸಾಮಾನ್ಯ ನಿಯಮಾವಳಿ) ಥ್ರೆಡ್ ಮಾನಕ ಅದನ್ನು ಥ್ರೆಡ್ಡಿಗೊಂದು ಮಾಡಿತು. ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಎರ್‌ನೋ ಒಂದು ಮ್ಯಾಕ್ರೋ. ಅದು ಒಳಗಡೆ ಒಂದು ಫಂಕ್ಷನ್ ಕರೆದು ಈ ಥ್ರೆಡ್ಡಿನ ಎರ್‌ನೋ ಎಲ್ಲಿದೆ ಎಂದು ವಿಳಾಸ ತರುತ್ತದೆ. ಆದ್ದರಿಂದ ಹೆಡರ್ ಸೇರಿಸದೆ «ಎಕ್ಸ್‌ಟರ್ನ್ ಇಂಟ್ ಎರ್‌ನೋ» ಎಂದು ಕೈಯಾರೆ ಬರೆಯಬೇಡಿ.

ಬೇರೆ ಥ್ರೆಡ್ಡಿಗೆ ತಪ್ಪಿನ ಕಾರಣ ತಿಳಿಸಬೇಕಾದರೆ ಬೆಲೆಯನ್ನು ಒಂದು ಇಂಟ್‌ಗೆ ನಕಲು ಮಾಡಿ ಕೊಡಿ. ಸಿಗ್ನಲ್ ಹ್ಯಾಂಡ್ಲರ್ (ಸಿಸ್ಟಮ್ ಕಳಿಸಿದ ಸೂಚನೆಗೆ ನಡುವೆಯೇ ಓಡುವ ಫಂಕ್ಷನ್) ಓಡುವುದು ಸೂಚನೆ ಸಿಕ್ಕ ಥ್ರೆಡ್ಡಿನಲ್ಲೇ, ಹೀಗಾಗಿ ಅದರೊಳಗೆ ಎರ್‌ನೋ ಕೆಡಬಹುದು. ಹ್ಯಾಂಡ್ಲರ್ ಶುರುವಿನಲ್ಲಿ ಎತ್ತಿಟ್ಟು, ಕೊನೆಗೆ ವಾಪಸ್ ಇಡಿ.

## ಸಿ ಮತ್ತು ಸಿ++

ಎಲ್ಲ ಥ್ರೆಡ್ಡಿಗೂ ಕೀ ಒಂದ ಅಂತೀರಿ, ಡೇಟಾ ಬ್ಯಾರೆ ಅಂತೀರಿ. ಹೆಂಗ್ರಿ ಇದು? ಹಂತ ಹಂತವಾಗಿ ಹೇಳ್ರಿ.

«ಎಡಗಿಸೆ» ಎಂಬ ಹೆಸರು ಎಲ್ಲರ ಅಂಗಿಗೂ ಒಂದೇ. ಒಳಗಿರುವುದು ಅವರವರದ್ದು. ಕೀ ಎಂದರೆ ಆ ಹೆಸರು.

ಪಿಥ್ರೆಡ್ ಎಂದರೆ ಪಾಸಿಕ್ಸ್ ಥ್ರೆಡ್ ಲೈಬ್ರರಿ. ಮೊದಲು ಅದರ ಪಿಥ್ರೆಡ್_ಕೀ_ಟಿ ನಮೂನೆಯ ಒಂದು ಗ್ಲೋಬಲ್ ವೇರಿಯಬಲ್ ಇಡಿ. ಇದು ನಿಜಕ್ಕೂ ಗ್ಲೋಬಲ್ಲೇ ಇರಬೇಕು. ಪಿಥ್ರೆಡ್_ಕೀ_ಕ್ರಿಯೇಟ್ ಇಡೀ ಪ್ರೋಗ್ರಾಮಿಗೆ ಒಂದೇ ಸಲ ಓಡಬೇಕು. ಅದಕ್ಕೆ ಪಿಥ್ರೆಡ್_ಒನ್ಸ್ ಮೂಲಕ ಕರೆಯಿರಿ. ಎರಡನೆಯ ಆರ್ಗ್ಯುಮೆಂಟಾಗಿ ಡಿಸ್ಟ್ರಕ್ಟರ್ (ಥ್ರೆಡ್ ಮುಗಿಯುವಾಗ ಡೇಟಾ ಸ್ವಚ್ಛ ಮಾಡುವ ಫಂಕ್ಷನ್) ಕೊಡಿ. ಮ್ಯಾಲಕ್ ಮಾಡಿದ (ಹೀಪಿನಿಂದ ಪಡೆದ) ಬರೀ ಬಫರಾದರೆ ಫ್ರೀ ಫಂಕ್ಷನ್ನೇ ಸಾಕು.

ನಂತರ ಬೇಕಾದಲ್ಲೆಲ್ಲ ಪಿಥ್ರೆಡ್_ಗೆಟ್‌ಸ್ಪೆಸಿಫಿಕ್ ಕರೆಯಿರಿ. ನಲ್ (ಏನೂ ಇಲ್ಲ) ಬಂದರೆ ಈ ಥ್ರೆಡ್ಡಿಗೆ ಇದು ಮೊದಲ ಸಲ: ಮ್ಯಾಲಕ್ ಮಾಡಿ, ಬೆಲೆ ತುಂಬಿ, ಪಿಥ್ರೆಡ್_ಸೆಟ್‌ಸ್ಪೆಸಿಫಿಕ್‌ನಿಂದ ಇಡಿ. ಅದು ವಾಪಸ್ ಕೊಡುವ ಸಂಖ್ಯೆ ನೋಡದೆ ಮುಂದೆ ಹೋಗಬೇಡಿ. ಪಿಥ್ರೆಡ್ ಫಂಕ್ಷನ್‌ಗಳು ತಪ್ಪಿನ ನಂಬರನ್ನು ಎರ್‌ನೋದಲ್ಲಿ ಇಡುವುದಿಲ್ಲ, ನೇರ ವಾಪಸ್ ಕೊಡುತ್ತವೆ. ಎರ್‌ನೋ ನೋಡಿ ಸಂದೇಶ ಬರೆಯುವ ಪೆರರ್ ಕರೆದರೆ ಸಂಬಂಧವಿಲ್ಲದ ಸಂದೇಶ ಬರುತ್ತದೆ.

ಕೀಯ ಬೆಲೆ 0 ಇದ್ದರೆ ಇನ್ನೂ ಮಾಡಿಲ್ಲ ಎಂದುಕೊಳ್ಳಬೇಡಿ. 0 ಕೂಡ ಸಿಂಧುವಾದ ಕೀ.

ಎಷ್ಟು ಕೀ ಮಾಡಬಹುದು?

ಪಾಸಿಕ್ಸ್ ಕನಿಷ್ಠ 128 ಬೇಕೆನ್ನುತ್ತದೆ, ಲಿನಕ್ಸಿನ ಜಿಲಿಬ್‌ಸಿ ಪ್ರೋಸೆಸ್ಸಿಗೆ 1024 ಕೊಡುತ್ತದೆ. ಮುಗಿದರೆ ಈ-ಅಗೇನ್ ಎಂಬ ಎರರ್ ಬರುತ್ತದೆ. ಅದು ಬಂದರೆ ನಿಮಗೆ ನಿಜವಾಗಿ 1024 ಬಗೆಯ ಡೇಟಾ ಇರುವ ಸಂಭವ ಕಡಿಮೆ. ಥ್ರೆಡ್ ಶುರುವಾದಾಗಲೆಲ್ಲ ಕೀ ಹುಟ್ಟಿಸುತ್ತಿದ್ದೀರಿ. ಹತ್ತು ಬಗೆಯ ಡೇಟಾ ಇದ್ದರೂ ಹತ್ತು ಕೀ ಬೇಡ. ಎಲ್ಲವನ್ನೂ ಒಂದು ಸ್ಟ್ರಕ್ಟಿನಲ್ಲಿ ಸೇರಿಸಿ ಒಂದೇ ಕೀಗೆ ಕಟ್ಟಿ. ಮುಂದೆ ಸ್ವಚ್ಛ ಮಾಡುವಾಗಲೂ ಇದೇ ಅನುಕೂಲ.

ಡಿಸ್ಟ್ರಕ್ಟರ್ ಕೊಟ್ಟೀನಿ, ಆದರೂ ಅದು ಓಡವಲ್ದು. ಯಾಕ್ರಿ?

ಹೆಚ್ಚಾಗಿ ಮೇನ್ ಥ್ರೆಡ್ಡಿನ ಡೇಟಾಕ್ಕೆ ಹೀಗಾಗುತ್ತದೆ. ಮೇನ್ ಫಂಕ್ಷನ್ನಿನಿಂದ ರಿಟರ್ನ್ ಆದರೆ ಅದು ಎಕ್ಸಿಟ್ ಕರೆದಂತೆ. ಪ್ರೋಸೆಸ್ಸೇ ಮುಗಿಯುತ್ತದೆ, ಕೀ ಡಿಸ್ಟ್ರಕ್ಟರ್‌ಗಳು ಓಡುವುದಿಲ್ಲ. ಥ್ರೆಡ್ ತನ್ನ ಶುರುವಿನ ಫಂಕ್ಷನ್ನಿನಿಂದ ರಿಟರ್ನ್ ಆದಾಗ, ಪಿಥ್ರೆಡ್_ಎಕ್ಸಿಟ್ ಕರೆದಾಗ, ಇಲ್ಲವೇ ಕ್ಯಾನ್ಸಲ್ ಆದಾಗ ಮಾತ್ರ ಅವು ಓಡುವುದು. ಲಾಗಿನ ಕೊನೆಯ ಸಾಲುಗಳು ಫೈಲಿಗೆ ಹೋಗದೆ ಕಳೆದುಹೋಗುವುದಕ್ಕೂ ಇದೇ ಕಾರಣ. ಮೇನ್‌ನಲ್ಲಿ ಕೈಯಾರೆ ಸ್ವಚ್ಛ ಮಾಡಿ.

ಬೆಲೆ ನಲ್ ಇದ್ದರೂ ಓಡುವುದಿಲ್ಲ. ಪಿಥ್ರೆಡ್_ಕೀ_ಡಿಲೀಟ್ ಕೂಡ ಡಿಸ್ಟ್ರಕ್ಟರ್ ಕರೆಯುವುದಿಲ್ಲ. ಕೀ ಮಾತ್ರ ಅಳಿಸುತ್ತದೆ, ಒಂದೊಂದು ಥ್ರೆಡ್ಡಿನಲ್ಲಿ ಇಟ್ಟ ಮೆಮೊರಿ ಹಾಗೇ ಬಿದ್ದಿರುತ್ತದೆ. ಫೋರ್ಕ್ ಮಾಡಿ ಪ್ರೋಸೆಸ್ಸಿನ ನಕಲು ಹುಟ್ಟಿಸಿದರೆ ಆ ಮಗು ಪ್ರೋಸೆಸ್ಸಿನಲ್ಲಿ ಉಳಿಯುವುದು ಕರೆದ ಥ್ರೆಡ್ ಒಂದೇ. ಉಳಿದವುಗಳ ಡೇಟಾ ಯಾರೂ ಬಿಡಿಸದೆ ಅಲ್ಲೇ ಉಳಿಯುತ್ತದೆ.

ಓಡಿದಾಗಿನ ಕ್ರಮವೂ ತಿಳಿದಿರಲಿ. ಬೆಲೆಯನ್ನು ಮೊದಲು ನಲ್ ಮಾಡಿ, ಹಳೆಯ ಬೆಲೆಯನ್ನು ಡಿಸ್ಟ್ರಕ್ಟರಿಗೆ ಕೊಡುತ್ತಾರೆ. ಯಾವ ಕೀ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ನಿಯಮವಿಲ್ಲ. ಲಾಗ್ ಕೀಯ ಡಿಸ್ಟ್ರಕ್ಟರ್ ಕನೆಕ್ಷನ್ ಕೀಯನ್ನು ಮುಟ್ಟಿದರೆ ಅದು ಆಗಲೇ ಹೋಗಿರಬಹುದು, ಅಥವಾ ಮುಟ್ಟಿದ್ದರಿಂದಲೇ ಹೊಸದಾಗಿ ಹುಟ್ಟಬಹುದು. ಹಾಗೆ ಮತ್ತೆ ತುಂಬಿಕೊಂಡರೆ ಇನ್ನೊಂದು ಸುತ್ತು ಓಡುತ್ತದೆ. ಲಿನಕ್ಸಿನಲ್ಲಿ ಹೆಚ್ಚೆಂದರೆ 4 ಸುತ್ತು, ಆಮೇಲೂ ಉಳಿದದ್ದು ಸೋರಿಹೋಯಿತೆಂದೇ ಲೆಕ್ಕ.

ಕೀ ಗೀ ಏನೂ ಬ್ಯಾಡ, _ಥ್ರೆಡ್_ಲೋಕಲ್ ಅಂತ ಒಂದು ಶಬ್ದ ಹಾಕಿದ್ರ ಸಾಕಂತಾರಲ್ಲ?

ಅಕ್ಷರಶಃ ಸಾಕು. ಮೇಲಿನ 32 ಬೈಟಿನ ಬಫರಿನ ಘೋಷಣೆಯಲ್ಲಿ ಸ್ಟ್ಯಾಟಿಕ್ ಪಕ್ಕದಲ್ಲಿ ಆ ಶಬ್ದ ಸೇರಿಸಿದರೆ ಪ್ರತಿ ಥ್ರೆಡ್ಡಿಗೂ ಒಂದು ಬಫರ್. ಜಿಸಿಸಿ ಕಂಪೈಲರಿನಲ್ಲಿ ಹಿಂದಿನಿಂದ ಇದ್ದ __ಥ್ರೆಡ್ ಎಂಬುದೇ ಸಿ ಭಾಷೆಯ 2011ರ ಆವೃತ್ತಿ ಸಿ11ರಲ್ಲಿ _ಥ್ರೆಡ್_ಲೋಕಲ್ ಆಗಿ ಮಾನಕಕ್ಕೆ ಬಂತು. ಸಿ23ರಲ್ಲಿ ಥ್ರೆಡ್_ಲೋಕಲ್ ಎಂದು ಬರೆದರೂ ನಡೆಯುತ್ತದೆ.

ಸಿ ಭಾಷೆಯಲ್ಲಿ ಶುರುವಿನ ಬೆಲೆ ಸ್ಥಿರಾಂಕ ಆಗಿರಬೇಕು, ಮ್ಯಾಲಕ್ ಕರೆ ಅಲ್ಲಿ ಹಾಕಲಾಗದು. ಫಂಕ್ಷನ್ ಒಳಗೆ ಬರೆದರೆ ಜೊತೆಗೆ ಸ್ಟ್ಯಾಟಿಕ್ ಅಥವಾ ಎಕ್ಸ್‌ಟರ್ನ್ ಇರಲೇಬೇಕು. ದೊಡ್ಡ ಕೊರತೆಯೆಂದರೆ ಡಿಸ್ಟ್ರಕ್ಟರ್ ಇಲ್ಲ: ಥ್ರೆಡ್-ಲೋಕಲ್ ಪಾಯಿಂಟರಿಗೆ ಮ್ಯಾಲಕ್ ಮಾಡಿದ್ದನ್ನು ಕಟ್ಟಿದರೆ, ಥ್ರೆಡ್ ಸತ್ತಾಗ ಪಾಯಿಂಟರ್ ಹೋಗುತ್ತದೆ, ಮೆಮೊರಿ ಉಳಿಯುತ್ತದೆ. ನಮಗೆ ಸರಿ ಕಾಣುವುದು ಎರಡನ್ನೂ ಕೂಡಿಸುವ ದಾರಿ. ದಿನನಿತ್ಯದ ಓದಿಗೆ _ಥ್ರೆಡ್_ಲೋಕಲ್ ಪಾಯಿಂಟರ್, ಅದೇ ವಿಳಾಸವನ್ನು ಒಂದು ಪಿಥ್ರೆಡ್ ಕೀಯಲ್ಲೂ ಇಟ್ಟು ಸ್ವಚ್ಛತೆಯ ಕೆಲಸ ಅದಕ್ಕೆ ಒಪ್ಪಿಸುವುದು.

ಥ್ರೆಡ್-ಲೋಕಲ್ ವೇರಿಯಬಲ್ಲಿನ ವಿಳಾಸವನ್ನು ಬೇರೆ ಥ್ರೆಡ್ಡಿಗೆ ಕೊಡಲು ಅಡ್ಡಿಯೇನಿಲ್ಲ, ಕಿಸೆಗೆ ಬೀಗವಿಲ್ಲ. ಆದರೆ ಇಟ್ಟ ಥ್ರೆಡ್ ಮುಗಿದ ಮೇಲೆ ಆ ವಿಳಾಸ ಕೆಟ್ಟದ್ದು.

ಸಿ++ ಒಳಗ ಇದು ಬ್ಯಾರೆ ಏನರ ಐತೇನು?

ಐತಿ. ಸಿ++11ರ ಥ್ರೆಡ್_ಲೋಕಲ್‌ಗೆ ಕನ್‌ಸ್ಟ್ರಕ್ಟರ್, ಡಿಸ್ಟ್ರಕ್ಟರ್ ಎರಡೂ ಸಲ್ಲುತ್ತವೆ. ಫಂಕ್ಷನ್ ಒಳಗಿನದು ಆ ಥ್ರೆಡ್ ಅಲ್ಲಿಗೆ ಮೊದಲ ಸಲ ಬಂದಾಗ ಹುಟ್ಟುತ್ತದೆ, ಥ್ರೆಡ್ ಮುಗಿದಾಗ ಹುಟ್ಟಿದ ಕ್ರಮದ ಉಲ್ಟಾದಲ್ಲಿ ಹೋಗುತ್ತದೆ. ಇದಕ್ಕೊಂದು ಖರ್ಚಿದೆ: ಬೇರೆ ಫೈಲಿನಲ್ಲಿ ಘೋಷಿಸಿದ್ದನ್ನು ಬಳಸಿದಾಗಲೆಲ್ಲ «ಹುಟ್ಟಿದೆಯೇ» ಎಂದು ನೋಡುವ ಸಣ್ಣ ಫಂಕ್ಷನ್ ಕರೆ ನಡೆಯುತ್ತದೆ. ಪದೇ ಪದೇ ಓಡುವ ಲೂಪಿನಲ್ಲಿದ್ದರೆ ಲೂಪಿನ ಮೊದಲು ಒಂದು ರೆಫರೆನ್ಸ್ ತೆಗೆದಿಟ್ಟುಕೊಳ್ಳಿ. ಸಿ++20 ಇದ್ದರೆ, ಶುರುವಿನ ಬೆಲೆ ಸ್ಥಿರಾಂಕವಾದರೆ, ಕಾನ್‌ಸ್ಟ್‌ಇನಿಟ್ ಸೇರಿಸಿದರೆ ಆ ಕರೆ ತಪ್ಪುತ್ತದೆ.

ಪ್ಲಗಿನ್ ತೆಗೆದ ಮ್ಯಾಲೆ, ಥ್ರೆಡ್ ಮುಗಿಯೋ ಹೊತ್ತಿಗೆ ಕ್ರ್ಯಾಶ್ ಆಗಾಕತ್ತೈತಿ.

ಪ್ಲಗಿನ್ ಲೈಬ್ರರಿ ಕೀ ಮಾಡುವಾಗ ತನ್ನೊಳಗಿನ ಫಂಕ್ಷನ್ನನ್ನು ಡಿಸ್ಟ್ರಕ್ಟರಾಗಿ ಕೊಟ್ಟಿತ್ತು. ಡಿಎಲ್‌ಕ್ಲೋಸ್ ಮಾಡಿ ಲೈಬ್ರರಿ ಇಳಿಸಿದಾಗ ಆ ಕೋಡ್ ಮೆಮೊರಿಯಿಂದ ಹೋಯಿತು, ಕೀಯಲ್ಲಿ ಹಳೆಯ ವಿಳಾಸ ಉಳಿಯಿತು. ಥ್ರೆಡ್ ಮುಗಿಯುವಾಗ ಇಲ್ಲದ ಕೋಡಿಗೆ ಜಿಗಿದು ಸೆಗ್‌ಫಾಲ್ಟ್. ಬ್ಯಾಕ್‌ಟ್ರೇಸಿನಲ್ಲಿ ಹೆಸರಿಲ್ಲದ ಬರೀ ವಿಳಾಸ ಕಂಡರೆ ಇದೇ ಎಂದು ಹೆಚ್ಚುಕಡಿಮೆ ಹೇಳಬಹುದು. ಲೈಬ್ರರಿ ಮುಚ್ಚುವ ಫಂಕ್ಷನ್ನಿನಲ್ಲಿ ಪಿಥ್ರೆಡ್_ಕೀ_ಡಿಲೀಟ್ ಕರೆಯಿರಿ. ಆಗ ಇಟ್ಟ ಮೆಮೊರಿ ಸೋರುತ್ತದೆ; ಅದೂ ಬೇಡವೆಂದರೆ ಆ ಪ್ಲಗಿನ್ ಬಳಸುವ ಥ್ರೆಡ್‌ಗಳನ್ನು ಮೊದಲು ಮುಗಿಸಿ.

## ಜಾವಾ

ಒಬ್ಬ ದಲಾಲರ ಲೈಸೆನ್ಸ್ ನಂಬರ್ ಇನ್ನೊಬ್ಬರ ಬಿಲ್ಲಿನ್ಯಾಗ ಬಂದೈತಿ. ಥ್ರೆಡ್‌ಲೋಕಲ್ ಬಳಸೀವಿ, ಕಲಸಬಾರದಾಗಿತ್ತಲ್ಲ?

ಥ್ರೆಡ್‌ಗಳ ನಡುವೆ ಕಲಸಿಲ್ಲ; ಒಂದೇ ಥ್ರೆಡ್ಡಿನಲ್ಲಿ ನಡೆದ ಎರಡು ಕೆಲಸಗಳ ನಡುವೆ ಕಲಸಿದೆ. ವೆಬ್ ಸರ್ವರಿನಲ್ಲಿ 20 ಥ್ರೆಡ್‌ಗಳ ಪೂಲ್ ಇದೆಯೆನ್ನಿ. 7ನೆಯ ಥ್ರೆಡ್ ಮೊದಲನೆಯ ಅಂಗಡಿಯ ಬಿಲ್ ಮಾಡಿ, ಲೈಸೆನ್ಸ್ ನಂಬರನ್ನು ಕಿಸೆಯಲ್ಲಿ ಬಿಟ್ಟೇ ಪೂಲಿಗೆ ಮರಳಿತು. ಹತ್ತು ನಿಮಿಷದ ನಂತರ ಅದೇ ಥ್ರೆಡ್ಡಿಗೆ ಬೇರೆ ಅಂಗಡಿಯ ಕೆಲಸ ಸಿಕ್ಕಿತು. ಆ ಕೆಲಸದ ಕೋಡು «ನಂಬರ್ ಇಲ್ಲದಿದ್ದರೆ ಮಾತ್ರ ತರು» ಎಂದಿತ್ತು. ಇತ್ತಲ್ಲ, ಬಿಲ್ಲಿಗೆ ಹಳೆಯದೇ ಹೋಯಿತು.

ಕೆಲಸ ಶುರುವಾದಲ್ಲಿ ಸೆಟ್ ಮಾಡಿ, ಮರುಸಾಲಿನಲ್ಲೇ ಟ್ರೈ ತೆರೆಯಿರಿ, ಫೈನಲಿಯಲ್ಲಿ ರಿಮೂವ್ ಕರೆಯಿರಿ. ಸೆಟ್ ಮತ್ತು ರಿಮೂವ್ ಒಂದೇ ಫಂಕ್ಷನ್ನಿನಲ್ಲಿ ಕಣ್ಣಿಗೆ ಬೀಳಬೇಕು, ಸಾಧ್ಯವಾದರೆ ಒಂದೇ ಫಿಲ್ಟರಿನಲ್ಲಿ. ಸೆಟ್ ಒಂದು ಫೈಲಿನಲ್ಲಿ, ರಿಮೂವ್ ಇನ್ನೊಂದರಲ್ಲಿ ಇದ್ದರೆ ಆರು ತಿಂಗಳಲ್ಲಿ ಯಾರೋ ಒಂದನ್ನು ಅಳಿಸಿರುತ್ತಾರೆ.

ರಿಮೂವ್ ಬದಲು ಸೆಟ್ ಮಾಡಿ ನಲ್ ಇಟ್ಟರೆ ಸಾಲದೇ?

ಬೆಲೆ ಹೋಗುತ್ತದೆ, ನಮೂದು ಉಳಿಯುತ್ತದೆ. ಅದಕ್ಕಿಂತ ಮುಖ್ಯ: ವಿತ್‌ಇನಿಷಿಯಲ್ ಮೂಲಕ ಶುರುವಿನ ಬೆಲೆ ಕೊಟ್ಟಿದ್ದರೆ, ರಿಮೂವ್ ನಂತರದ ಗೆಟ್ ಹೊಸ ಬೆಲೆ ಹುಟ್ಟಿಸುತ್ತದೆ, ನಲ್ ಇಟ್ಟ ನಂತರದ ಗೆಟ್ ನಲ್ಲನ್ನೇ ಕೊಡುತ್ತದೆ, ಮುಂದಿನ ಸಾಲಿನಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಷನ್.

ಕೀ ವೀಕ್ ರೆಫರೆನ್ಸ್ ಅಂತಾರೆ, ಹಾಗಿದ್ದರೂ ಮೆಮೊರಿ ಯಾಕೆ ಸೋರುತ್ತದೆ?

ಪ್ರತಿ ಥ್ರೆಡ್ ಆಬ್ಜೆಕ್ಟಿನೊಳಗೆ ಒಂದು ಮ್ಯಾಪ್ ಇದೆ. ಅದರಲ್ಲಿ ಕೀ ಎಂದರೆ ಥ್ರೆಡ್‌ಲೋಕಲ್ ಆಬ್ಜೆಕ್ಟ್, ಅದು ವೀಕ್, ಅಂದರೆ ಆ ಹಿಡಿತ ಆಬ್ಜೆಕ್ಟನ್ನು ಮೆಮೊರಿಯಲ್ಲಿ ಉಳಿಸದು. ಬೆಲೆ ಮಾತ್ರ ಗಟ್ಟಿ ರೆಫರೆನ್ಸ್. ಕೀ ಸತ್ತರೂ ಬೆಲೆ ತಕ್ಷಣ ಹೋಗದು. ಆ ಮ್ಯಾಪಿನಲ್ಲಿ ಮುಂದೆ ಯಾವಾಗಲೋ ಸೆಟ್, ಗೆಟ್ ನಡೆಯುವಾಗ ಸತ್ತ ನಮೂದು ಕಣ್ಣಿಗೆ ಬಿದ್ದರೆ ಮಾತ್ರ ಗುಡಿಸುತ್ತದೆ. ಇನ್ನೂ ಕೆಟ್ಟದ್ದು ಬೆಲೆಯೇ ಸುತ್ತಿ ಬಂದು ಕೀಯನ್ನು ಹಿಡಿದಿರುವುದು. ಬೆಲೆ ನಿಮ್ಮ ವೆಬ್ ಆ್ಯಪಿನ ಕ್ಲಾಸಿನದು, ಕ್ಲಾಸ್ ತನ್ನ ಕ್ಲಾಸ್‌ಲೋಡರನ್ನು ಹಿಡಿದಿದೆ, ಲೋಡರ್ ಸ್ಟ್ಯಾಟಿಕ್ ಥ್ರೆಡ್‌ಲೋಕಲ್ಲನ್ನು ಹಿಡಿದಿದೆ. ಆ್ಯಪ್ ತೆಗೆದು ಮತ್ತೆ ಹಾಕಿದಾಗಲೆಲ್ಲ ಹಳೆಯ ಆ್ಯಪಿನ ಎಲ್ಲ ಕ್ಲಾಸುಗಳೂ ಪೂಲಿನ ಥ್ರೆಡ್ಡಿಗೆ ನೇತಾಡಿಕೊಂಡು ಉಳಿಯುತ್ತವೆ. ಟಾಮ್‌ಕ್ಯಾಟ್ ವೆಬ್ ಸರ್ವರ್ ಆ್ಯಪ್ ನಿಲ್ಲಿಸುವಾಗ ಇಂಥದ್ದು ಕಂಡರೆ ಲಾಗಿನಲ್ಲಿ ಎಚ್ಚರಿಕೆ ಬರೆಯುತ್ತದೆ. ಅದನ್ನು ಓದದೆ ಹೀಪ್ ದೊಡ್ಡದು ಮಾಡುವವರೇ ಹೆಚ್ಚು.

ದಿನಾಂಕ ಬರೆಯಲು ಸಿಂಪಲ್‌ಡೇಟ್‌ಫಾರ್ಮ್ಯಾಟನ್ನು ಥ್ರೆಡ್‌ಲೋಕಲ್ಲಿನಲ್ಲಿಡುವ ಹಳೆಯ ರೂಢಿಯನ್ನಂತೂ ಬಿಟ್ಟುಬಿಡಿ. ಜಾವಾ 8ರ ಡೇಟ್‌ಟೈಮ್‌ಫಾರ್ಮ್ಯಾಟರ್ ಬದಲಾಗದ ಆಬ್ಜೆಕ್ಟು. ಒಂದನ್ನೇ ಎಲ್ಲ ಥ್ರೆಡ್‌ಗಳೂ ಬಳಸಬಹುದು.

ಇನ್ಹೆರಿಟಬಲ್‌ಥ್ರೆಡ್‌ಲೋಕಲ್ ಹಾಕಿದ್ರ ಪೂಲಿಗೂ ಬೆಲೆ ಹೋಗತೈತೇನು?

ಥ್ರೆಡ್ ಹುಟ್ಟುವ ಕ್ಷಣದಲ್ಲಿ ಮಾತ್ರ ತಾಯಿಯ ಬೆಲೆ ನಕಲಾಗುತ್ತದೆ. ಪೂಲಿನ ಥ್ರೆಡ್ ಬೆಳಿಗ್ಗೆಯೇ ಹುಟ್ಟಿದೆ. ಮಧ್ಯಾಹ್ನದ ಕೆಲಸಕ್ಕೂ ಅದರ ಕಿಸೆಯಲ್ಲಿ ಬೆಳಗಿನ ಬೆಲೆಯೇ. ಕೆಲಸವನ್ನು ಪೂಲಿಗೆ ಕೊಡುವಾಗಲೇ ಬೆಲೆಯನ್ನು ರನ್ನಬಲ್ಲಿನಲ್ಲಿ (ಪೂಲಿಗೆ ಕೊಡುವ ಕೆಲಸದ ಆಬ್ಜೆಕ್ಟಿನಲ್ಲಿ) ಕಟ್ಟಿ ಕೊಡಿ.

ವರ್ಚುವಲ್ ಥ್ರೆಡ್ ಬಂದ ಮ್ಯಾಲೆ ಇದೆಲ್ಲ ಹೆಂಗ?

ಜಾವಾ ತಾನೇ ನಡೆಸುವ ಹಗುರ ಥ್ರೆಡ್ಡುಗಳಾದ ಜಾವಾ 21ರ ವರ್ಚುವಲ್ ಥ್ರೆಡ್‌ನಲ್ಲೂ ಥ್ರೆಡ್‌ಲೋಕಲ್ ನಡೆಯುತ್ತದೆ. ಇವುಗಳನ್ನು ಪೂಲ್ ಮಾಡುವುದಿಲ್ಲ, ಕೆಲಸಕ್ಕೊಂದು ಥ್ರೆಡ್. ಆದ್ದರಿಂದ ಹಳೆಯ ಬೆಲೆ ಉಳಿಯುವ ಕಾಟ ಕಡಿಮೆ. ಆದರೆ ದುಬಾರಿ ವಸ್ತುವನ್ನು ಥ್ರೆಡ್ಡಿಗೊಂದು ಇಟ್ಟು ಮರುಬಳಸುವ ಲೆಕ್ಕಾಚಾರ ಇಲ್ಲಿ ತಲೆಕೆಳಗು. ಮರುಬಳಕೆಯೇ ಇಲ್ಲ, ಮೇಲಾಗಿ 1 ಲಕ್ಷ ಥ್ರೆಡ್‌ಗಳು 8 ಕೆಬಿ ಬಫರ್ ಇಟ್ಟುಕೊಂಡರೆ ಸುಮಾರು 780 ಎಂಬಿ. ಕೆಲಸದ ಗುರುತನ್ನು ಒಳಗಿನ ಫಂಕ್ಷನ್‌ಗಳಿಗೆ ದಾಟಿಸಲು ಜಾವಾ 25ರಲ್ಲಿ ಸ್ಕೋಪ್ಡ್ ವ್ಯಾಲ್ಯೂ ಕಾಯಂ ಆಗಿದೆ. ಬೆಲೆ ಒಂದು ಬ್ಲಾಕಿಗೆ ಮಾತ್ರ ಕಟ್ಟಿರುತ್ತದೆ, ಬ್ಲಾಕ್ ಮುಗಿದರೆ ತಾನೇ ಬಿಚ್ಚಿಕೊಳ್ಳುತ್ತದೆ. ಫೈನಲಿ ಮರೆಯುವ ಮಾತೇ ಇಲ್ಲ.

## ಪೈಥಾನ್, ಮತ್ತೆ ಗೋ

ಪೈಥಾನಿನಲ್ಲಿ ಗಿಲ್ ಇದೆಯಲ್ಲ, ಥ್ರೆಡ್-ಲೋಕಲ್ ಯಾಕೆ ಬೇಕು?

ಗಿಲ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ಡಿಗೆ ಪೈಥಾನ್ ಕೋಡ್ ಓಡಿಸಲು ಬಿಡುವ ಲಾಕ್, ಕಾಯುವುದು ಇಂಟರ್ಪ್ರಿಟರನ್ನು, ನಿಮ್ಮ ಲೆಕ್ಕವನ್ನಲ್ಲ. ರೂಢಿಯ ಸೆಟ್ಟಿಂಗಿನಲ್ಲಿ 5 ಮಿಲಿಸೆಕೆಂಡಿಗೊಮ್ಮೆ ಅದು ಬೇರೆ ಥ್ರೆಡ್ಡಿಗೆ ಜಾಗ ಬಿಡಬಹುದು, ನೆಟ್‌ವರ್ಕ್ ಕಾಯುವಾಗಂತೂ ಬಿಟ್ಟೇ ಬಿಡುತ್ತದೆ. ತೂಕ ಓದಿ, ಚೀಟಿ ಬರೆಯುವ ಎರಡು ಸಾಲಿನ ನಡುವೆ ಬೇರೆ ಥ್ರೆಡ್ ನುಗ್ಗಲು ಅಷ್ಟು ಸಾಕು. 3.13ರಿಂದ ಗಿಲ್ ಇಲ್ಲದ ಬಿಲ್ಡೂ ಸಿಗುತ್ತದೆ.

ಥ್ರೆಡಿಂಗ್.ಲೋಕಲ್‌ನಲ್ಲಿ ಮೇನ್‌ನಲ್ಲಿ ಬೆಲೆ ಇಟ್ಟೀನಿ, ಬ್ಯಾರೆ ಥ್ರೆಡ್ಡಿನಾಗ ಆಟ್ರಿಬ್ಯೂಟ್‌ಎರರ್ ಬರತೈತಿ.

ಬರಲೇಬೇಕು, ಆ ಥ್ರೆಡ್ಡಿನ ಕಿಸೆ ಖಾಲಿ. ಎಲ್ಲ ಥ್ರೆಡ್ಡಿಗೂ ಶುರುವಿನ ಬೆಲೆ ಬೇಕಿದ್ದರೆ ಥ್ರೆಡಿಂಗ್.ಲೋಕಲ್‌ನ ಸಬ್‌ಕ್ಲಾಸ್ ಮಾಡಿ ಇನಿಟ್‌ನಲ್ಲಿ ಬೆಲೆ ಕೊಡಿ; ಪ್ರತಿ ಥ್ರೆಡ್ ಮೊದಲ ಸಲ ಮುಟ್ಟಿದಾಗ ಆ ಇನಿಟ್ ಅಲ್ಲೇ ಓಡುತ್ತದೆ. ಲೋಕಲ್ ಆಬ್ಜೆಕ್ಟನ್ನು ಮಾಡ್ಯೂಲಿನ ಮಟ್ಟದಲ್ಲೇ ಮಾಡಬೇಕು. ಫಂಕ್ಷನ್ ಒಳಗೆ ಮಾಡಿದರೆ ಕರೆದಾಗಲೆಲ್ಲ ಹೊಸ ಅಂಗಿ, ಕಿಸೆ ಎಂದಿಗೂ ಖಾಲಿಯೇ.

ಎಸ್‌ಕ್ಯೂಲೈಟ್ ಕನೆಕ್ಷನ್ನಿಗೆ ಇದು ಹೇಳಿ ಮಾಡಿಸಿದಂತಿದೆ. ಒಂದು ಥ್ರೆಡ್ಡಿನಲ್ಲಿ ತೆರೆದ ಕನೆಕ್ಷನ್ನನ್ನು ಇನ್ನೊಂದರಲ್ಲಿ ಬಳಸಿದರೆ ಪೈಥಾನ್ ತಾನಾಗಿಯೇ ಪ್ರೋಗ್ರಾಮಿಂಗ್‌ಎರರ್ ಎಸೆಯುತ್ತದೆ. ಚೆಕ್_ಸೇಮ್_ಥ್ರೆಡ್ ಫಾಲ್ಸ್ ಮಾಡಿ ಬಾಯಿ ಮುಚ್ಚಿಸುವುದಕ್ಕಿಂತ ಥ್ರೆಡ್ಡಿಗೊಂದು ಕನೆಕ್ಷನ್ ಇಡುವುದು ಲೇಸು.

ಅಸಿಂಕ್‌ಐಒಗೆ ಬದಲಿಸಿದ್ವಿ, ಈಗ ಎಲ್ಲಾರ ಡೇಟಾ ಒಂದಕ್ಕೊಂದು ಹತ್ಕೊಂಡೈತಿ.

ಅಸಿಂಕ್‌ಐಒದಲ್ಲಿ ಎಲ್ಲ ಟಾಸ್ಕುಗಳೂ (ಕೆಲಸಗಳೂ) ಸರದಿಯಲ್ಲಿ ಒಂದೇ ಥ್ರೆಡ್ಡಿನಲ್ಲಿ ಓಡುತ್ತವೆ, ಆದ್ದರಿಂದ ಕಿಸೆಯೂ ಒಂದೇ. ಅವೈಟ್ (ಕಾಯುವ ಜಾಗ) ಬಂದಲ್ಲೆಲ್ಲ ಬೇರೆ ಟಾಸ್ಕ್ ಅದೇ ಕಿಸೆಗೆ ಕೈ ಹಾಕುತ್ತದೆ. ಇದಕ್ಕೆಂದೇ 3.7ರಲ್ಲಿ ಕಾಂಟೆಕ್ಸ್ಟ್‌ವಾರ್ಸ್ ಬಂತು: ಪ್ರತಿ ಟಾಸ್ಕಿಗೆ ತನ್ನದೇ ನಕಲು. ಸೆಟ್ ಮಾಡಿದಾಗ ಸಿಗುವ ಟೋಕನ್ ಇಟ್ಟುಕೊಂಡು, ಮುಗಿದ ಮೇಲೆ ಅದರಿಂದ ರೀಸೆಟ್ ಮಾಡಿ. ಬೇರೆ ಥ್ರೆಡ್ಡಿಗೆ ಕೆಲಸ ತಳ್ಳುವಾಗ ಅಸಿಂಕ್‌ಐಒ.ಟು_ಥ್ರೆಡ್ ಈ ಬೆಲೆಗಳನ್ನು ಜೊತೆಗೆ ಒಯ್ಯುತ್ತದೆ, ರನ್_ಇನ್_ಎಕ್ಸಿಕ್ಯೂಟರ್ ಒಯ್ಯುವುದಿಲ್ಲ. ಡಾಟ್‌ನೆಟ್ಟಿನಲ್ಲೂ ಇದೇ ಕಥೆ: ಥ್ರೆಡ್‌ಸ್ಟ್ಯಾಟಿಕ್ ಅವೈಟ್ ದಾಟುವುದಿಲ್ಲ, ಅಸಿಂಕ್‌ಲೋಕಲ್ ದಾಟುತ್ತದೆ.

ಗೋ ಭಾಷೆಯಲ್ಲಿ ಗೋರೂಟೀನ್-ಲೋಕಲ್ ಎಲ್ಲಿದೆ?

ಗೋ ಭಾಷೆಯ ಹಗುರ ಥ್ರೆಡ್ಡಾದ ಗೋರೂಟೀನಿಗೆ ಅಂಥ ಕಿಸೆ ಇಲ್ಲ, ಬೇಕೆಂದೇ ಇಟ್ಟಿಲ್ಲ. ಕಾಂಟೆಕ್ಸ್ಟನ್ನು (ಕೆಲಸದ ಗುರುತು ಹೊತ್ತ ವಸ್ತುವನ್ನು) ಮೊದಲ ಆರ್ಗ್ಯುಮೆಂಟಾಗಿ ಎಲ್ಲ ಕಡೆ ದಾಟಿಸಬೇಕು. ಬರೆಯಲು ಬೇಸರ, ಆದರೆ ಮೇಲಿನ ಲೈಸೆನ್ಸ್ ನಂಬರಿನಂಥ ತಪ್ಪು ಹಾಗೆ ಬರೆದ ಕೋಡಿನಲ್ಲಿ ಆಗುವುದು ಕಷ್ಟ.

## ಒಳಗಿನ ಸಂಗತಿ ಮತ್ತು ತೊಡಕು

_ಥ್ರೆಡ್_ಲೋಕಲ್ ಡೇಟಾ ನಿಜವಾಗಿ ಎಲ್ಲಿ ಇರುತ್ತದೆ? ನಿಧಾನವೇ?

64 ಬಿಟ್ ಇಂಟೆಲ್, ಎಎಂಡಿ ಯಂತ್ರದ ಲಿನಕ್ಸಿನಲ್ಲಿ ಎಫ್‌ಎಸ್ ಎಂಬ ರಿಜಿಸ್ಟರ್ ಈಗ ಓಡುತ್ತಿರುವ ಥ್ರೆಡ್ಡಿನ ಬುಡವನ್ನು ತೋರಿಸುತ್ತದೆ. 64 ಬಿಟ್ ಆರ್ಮ್‌ನಲ್ಲಿ ಇದಕ್ಕೆ ಬೇರೆ ರಿಜಿಸ್ಟರಿದೆ. ಕಂಪೈಲರ್ ಶುರುವಿನ ಬೆಲೆಯಿದ್ದ ವೇರಿಯಬಲ್‌ಗಳನ್ನು ಟಿಡೇಟಾ ಭಾಗದಲ್ಲೂ, ಸೊನ್ನೆಯವನ್ನು ಟಿಬಿಎಸ್‌ಎಸ್ ಭಾಗದಲ್ಲೂ ಇಡುತ್ತದೆ. ಥ್ರೆಡ್ ಹುಟ್ಟಿದಾಗಲೆಲ್ಲ ಈ ಅಚ್ಚಿನಿಂದ ಒಂದು ಪ್ರತಿ ತೆಗೆಯುತ್ತಾರೆ. ಮುಖ್ಯ ಪ್ರೋಗ್ರಾಮಿನ ವೇರಿಯಬಲ್ ಆದರೆ ಎಫ್‌ಎಸ್‌ನಿಂದ ಇಷ್ಟು ದೂರ ಎಂಬ ಒಂದೇ ಸೂಚನೆಯಲ್ಲಿ ಓದಾಯಿತು, ಗ್ಲೋಬಲ್ಲಿನಷ್ಟೇ ವೇಗ. ಹಂಚಿಕೆಯ ಲೈಬ್ರರಿಯದಾದರೆ ಟಿಎಲ್‌ಎಸ್_ಗೆಟ್_ಅಡ್ಡರ್ ಎಂಬ ಫಂಕ್ಷನ್ ಕರೆ ಬೀಳಬಹುದು; ಟಿಎಲ್‌ಎಸ್ ಎಂದರೆ ಥ್ರೆಡ್-ಲೋಕಲ್ ಸ್ಟೋರೇಜ್. ಅಷ್ಟು ನಿಧಾನವೂ ಕೆಲವರಿಗೆ ನುಂಗಲಾಗದ್ದು. ಮುಂದಿನ ತೊಡಕು ಹುಟ್ಟುವುದು ಅದರಿಂದಲೇ.

«ಸ್ಟ್ಯಾಟಿಕ್ ಟಿಎಲ್‌ಎಸ್ ಬ್ಲಾಕಿನಲ್ಲಿ ಮೆಮೊರಿ ಸಿಗುತ್ತಿಲ್ಲ» ಅನ್ನೋ ಅರ್ಥದ ಎರರ್ ಬರತೈತಿ. ರ್‍ಯಾಮ್ ಅಂತೂ ಭರ್ತಿ ಐತಿ!

ರ್‍ಯಾಮಿಗೂ ಇದಕ್ಕೂ ಸಂಬಂಧವಿಲ್ಲ, ಅದು ಬೇಕಾದಷ್ಟು ಖಾಲಿಯಿದ್ದರೂ ಈ ಎರರ್ ಬರುತ್ತದೆ. ವೇಗಕ್ಕಾಗಿ ಇನಿಷಿಯಲ್-ಎಕ್ಸೆಕ್ ಎಂಬ ಮಾದರಿಯಲ್ಲಿ ಕಂಪೈಲ್ ಮಾಡಿದ ಲೈಬ್ರರಿ, ಥ್ರೆಡ್ಡಿನ ಬುಡದ ಪಕ್ಕದಲ್ಲೇ ಜಾಗ ಬೇಡುತ್ತದೆ. ಆ ಜಾಗದ ಅಳತೆ ಪ್ರೋಗ್ರಾಮ್ ಶುರುವಾದಾಗಲೇ ನಿಗದಿಯಾಗಿ, ಸ್ವಲ್ಪ ಮಾತ್ರ ಹೆಚ್ಚುವರಿ ಉಳಿದಿರುತ್ತದೆ. ನಡುವೆ ಡಿಎಲ್‌ಓಪನ್ ಮಾಡಿ ತಂದ ಲೈಬ್ರರಿಗಳು ಅದನ್ನು ಮುಗಿಸಿಬಿಟ್ಟರೆ ಈ ಎರರ್. ಆ ಲೈಬ್ರರಿಯನ್ನು ಎಲ್‌ಡಿ_ಪ್ರೀಲೋಡ್‌ನಲ್ಲಿ ಹಾಕಿ ಶುರುವಿಗೇ ತನ್ನಿ, ಅಥವಾ ಪೈಥಾನಾದರೆ ಅದರ ಇಂಪೋರ್ಟನ್ನು ಎಲ್ಲಕ್ಕಿಂತ ಮೇಲೆ ಒಯ್ಯಿರಿ. ಜಿಲಿಬ್‌ಸಿ 2.32ರಿಂದ ಆ ಹೆಚ್ಚುವರಿ ಜಾಗವನ್ನು ಟ್ಯೂನಬಲ್ ಎಂಬ ಸೆಟ್ಟಿಂಗ್ ಮೂಲಕ ಹಿಗ್ಗಿಸಬಹುದು. ಮೊದಲೇ ಇರುವುದು 512 ಬೈಟ್.

ದೊಡ್ಡ ಅರೇ ಒಂದನ್ನು ಥ್ರೆಡ್-ಲೋಕಲ್ ಮಾಡಿದೆ, ಈಗ ಥ್ರೆಡ್ಡೇ ಹುಟ್ಟುತ್ತಿಲ್ಲ.

ಜಿಲಿಬ್‌ಸಿ ಈ ಡೇಟಾಕ್ಕೆ ಜಾಗ ತೆಗೆಯುವುದು ಥ್ರೆಡ್ಡಿನ ಸ್ಟ್ಯಾಕಿಗೆಂದು ತಂದ ಮೆಮೊರಿಯಿಂದಲೇ. 8 ಎಂಬಿ ಸ್ಟ್ಯಾಕಿನಲ್ಲಿ 6 ಎಂಬಿ ಅರೇ ಕೂತರೆ ಫಂಕ್ಷನ್ ಕರೆಗಳಿಗೆ ಉಳಿಯುವುದು 2 ಎಂಬಿಗೂ ಕಡಿಮೆ. ಸ್ಟ್ಯಾಕನ್ನು 64 ಕೆಬಿಗೆ ಇಳಿಸಿ, ಅದಕ್ಕಿಂತ ದೊಡ್ಡ ಅರೇ ಇಟ್ಟರೆ ಪಿಥ್ರೆಡ್_ಕ್ರಿಯೇಟ್ ಈ-ಇನ್ವಾಲ್ ಎಂಬ ಎರರ್ ಕೊಡುತ್ತದೆ. ಅರೇಯನ್ನು ಮುಟ್ಟದ ಥ್ರೆಡ್ಡಿಗೂ ಈ ಭಾರ ತಪ್ಪದು. ಪಾಯಿಂಟರನ್ನು ಮಾತ್ರ ಥ್ರೆಡ್-ಲೋಕಲ್ ಮಾಡಿ, ಬೇಕಾದ ಥ್ರೆಡ್ ಮ್ಯಾಲಕ್ ಮಾಡಿಕೊಳ್ಳಲಿ. ಹಾಗೆ ಮಾಡಿದರೂ ಗುಣಾಕಾರ ಮರೆಯಬೇಡಿ: 200 ಥ್ರೆಡ್, 256 ಕೆಬಿ ಬಫರ್ ಎಂದರೆ 50 ಎಂಬಿ.

ಲಾಕ್ ಬ್ಯಾಡ ಅಂತ ಥ್ರೆಡ್ಡಿಗೊಂದು ಕೌಂಟರ್ ಇರೋ ಅರೇ ಮಾಡಿದೆ. ಲಾಕ್ ಇದ್ದಾಗಿನಷ್ಟ ನಿಧಾನ ಐತಿ.

8 ಬೈಟಿನ ಕೌಂಟರ್‌ಗಳು ಅರೇಯಲ್ಲಿ ಒತ್ತೊತ್ತಾಗಿ ಕೂತಿವೆ. ಸಿಪಿಯು ಕ್ಯಾಶ್ ಮೆಮೊರಿಯನ್ನು ಸಾಮಾನ್ಯವಾಗಿ 64 ಬೈಟಿನ ತುಂಡುಗಳಲ್ಲಿ ಓಡಾಡಿಸುತ್ತದೆ. ಒಂದು ತುಂಡಿನಲ್ಲಿ 8 ಥ್ರೆಡ್‌ಗಳ ಕೌಂಟರ್. ಒಂದು ಕೋರ್ ತನ್ನದನ್ನು ಹೆಚ್ಚಿಸಿದಾಗಲೆಲ್ಲ ಉಳಿದ ಏಳರ ಪ್ರತಿ ರದ್ದಾಗುತ್ತದೆ. ಪ್ರತಿ ಕೌಂಟರನ್ನು 64 ಬೈಟಿಗೆ ಅಲೈನ್ ಮಾಡಿ, ಇಲ್ಲವೇ ನಿಜವಾದ ಥ್ರೆಡ್-ಲೋಕಲ್ ವೇರಿಯಬಲ್ಲಿನಲ್ಲಿ ಎಣಿಸಿ, ಥ್ರೆಡ್ ಮುಗಿಯುವಾಗ ಒಟ್ಟಿಗೆ ಕೂಡಿಸಿ. ನಡುವೆಯೇ ಒಟ್ಟು ಮೊತ್ತ ತೋರಿಸಬೇಕೆಂದರೆ ಥ್ರೆಡ್‌ಗಳು ಹುಟ್ಟುವಾಗ ತಮ್ಮ ಕೌಂಟರಿನ ವಿಳಾಸವನ್ನು ಒಂದು ಪಟ್ಟಿಯಲ್ಲಿ ನೋಂದಾಯಿಸಬೇಕು, ಸಾಯುವಾಗ ತೆಗೆಯಬೇಕು. ಪಟ್ಟಿಗೆ ಲಾಕ್ ಬೇಕು, ಕೌಂಟರ್ ಅಟಾಮಿಕ್ (ಓದು-ಬರಹ ಅರ್ಧಕ್ಕೆ ಒಡೆಯದ್ದು) ಇರಬೇಕು. ರಿಲ್ಯಾಕ್ಸ್ಡ್ ಕ್ರಮ ಸಾಕು.

ವಿಂಡೋಸ್‌ನಲ್ಲಿ?

ಟಿಎಲ್‌ಎಸ್‌ಅಲಾಕ್ ಕೊಡುವ ಸೂಚ್ಯಂಕವೇ ಅಲ್ಲಿಯ ಕೀ. ಪ್ರೋಸೆಸ್ಸಿಗೆ ಗರಿಷ್ಠ 1088. ಡಿಸ್ಟ್ರಕ್ಟರ್ ಸೌಲಭ್ಯವಿಲ್ಲ, ಅದು ಬೇಕಿದ್ದರೆ ಎಫ್‌ಎಲ್‌ಎಸ್‌ಅಲಾಕ್ ಬಳಸಿ, ಅದಕ್ಕೆ ಕಾಲ್‌ಬ್ಯಾಕ್ ಕೊಡಬಹುದು.

ತಪ್ಪು ಯಾವಾಗೋ ಒಮ್ಮೆ ಬರತೈತಿ, ಹಿಡಿಯೂದು ಹೆಂಗ?

ಮೊದಲು ಯಾವ ಜಾತಿಯ ತಪ್ಪು ಎಂದು ತಿಳಿಯಬೇಕು. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯಿದೆ: ಪೂಲಿನ ಗಾತ್ರ 1ಕ್ಕೆ ಇಳಿಸಿ, ಎರಡು ಬೇರೆ ಅಂಗಡಿಗಳ ಕೆಲಸವನ್ನು ಒಂದರ ಹಿಂದೊಂದು ಕಳಿಸಿ. ಎರಡನೆಯದರಲ್ಲೇ ತಪ್ಪು ಬಂದರೆ ಕಿಸೆ ಖಾಲಿ ಮಾಡಿಲ್ಲ. ಥ್ರೆಡ್ ಒಂದೇ ಇದ್ದಾಗ ರೇಸ್ (ಥ್ರೆಡ್ಡುಗಳು ಒಂದೇ ಡೇಟಾಕ್ಕೆ ಮುಗಿಬೀಳುವುದು) ನಡೆಯಲಾರದು, ಹೀಗಾಗಿ ಅನುಮಾನಕ್ಕೆ ಎಡೆಯಿಲ್ಲ. ಪೂಲ್ 1 ಇದ್ದಾಗ ಸರಿಯಿದ್ದು, 50 ಮಾಡಿದಾಗ ಕೆಟ್ಟರೆ ಎಲ್ಲೋ ಹಂಚಿಕೆಯ ಡೇಟಾ ಉಳಿದಿದೆ.

ಎರಡನೆಯ ಬಗೆಗೆ ಸಿ, ಸಿ++ ಆದರೆ ಥ್ರೆಡ್‌ಸ್ಯಾನಿಟೈಸರ್ ಆನ್ ಮಾಡಿ ಕಂಪೈಲ್ ಮಾಡಿ: ಹೈಫನ್ ಎಫ್‌ಸ್ಯಾನಿಟೈಜ್ ಸಮ ಥ್ರೆಡ್, ಜೊತೆಗೆ ಹೈಫನ್ ಜಿ. ಪ್ರೋಗ್ರಾಮ್ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಆದರೆ ಯಾವ ಎರಡು ಸಾಲುಗಳು ಒಂದೇ ಬೈಟನ್ನು ಮುಟ್ಟಿದವೆಂದು ಸಾಲು ನಂಬರಿನ ಸಮೇತ ಹೇಳುತ್ತದೆ. ಪೇಟೆಯ ಯಂತ್ರದ ಮೇಲೆ ಇದನ್ನು ಓಡಿಸಬೇಡಿ. ಜಿಡಿಬಿ ಡಿಬಗ್ಗರಿನಲ್ಲಿ ಬರೀ ಪ್ರಿಂಟ್ ಮಾಡಿದರೆ ಈಗ ಆರಿಸಿದ ಥ್ರೆಡ್ಡಿನ ಬೆಲೆ ಮಾತ್ರ ಕಾಣುತ್ತದೆ. «ಥ್ರೆಡ್ ಅಪ್ಲೈ ಆಲ್ ಪ್ರಿಂಟ್» ಎಂದು ಬರೆದು ವೇರಿಯಬಲ್ ಹೆಸರು ಕೊಟ್ಟರೆ ಎಲ್ಲರ ಕಿಸೆಯೂ ಒಂದೇ ಪರದೆಯಲ್ಲಿ ಬರುತ್ತದೆ. ಅಲ್ಲಿ ಎರಡು ಥ್ರೆಡ್‌ಗಳ ಬಫರಿಗೆ ಒಂದೇ ವಿಳಾಸ ಕಂಡರೆ, ಯಾವುದೋ ಹೆಡರಿನಲ್ಲಿ _ಥ್ರೆಡ್_ಲೋಕಲ್ ಹಾಕುವುದು ಬಿಟ್ಟುಹೋಗಿದೆ.